ಮುದ್ದಮ್ಮನ ಹೆಸರಿನ ಪ್ರೊಫೈಲ್

ಹಾಸ್ಟೆಲ್, ಮೈಸೂರು
17 ನವೆಂಬರ್ 2008

ನನ್ನ ಅಮ್ಮನಿಗೆ,

ನಿನ್ನ ಅಕ್ಷತಾಳ ನಮಸ್ಕಾರ. ಈ ಪತ್ರವನ್ನು ಅಂಗಡಿಯಲ್ಲಿ ಒಡೆಯಬೇಡ, ಮನೆಗೆ ಹೋಗಿ ಓದು. ಫೋನ್ ಮಾಡಿದರೆ ಆ ಕಡೆ ಲಲಿತಮ್ಮ ಮಿಠಾಯಿ ಕತ್ತರಿಸುತ್ತಾ ಕಿವಿಯನ್ನು ನಿನ್ನ ಕಡೆಗೇ ಇಟ್ಟಿರುತ್ತಾರೆ, ಈ ಕಡೆ ವಾರ್ಡನ್. ಕಾಗುಣಿತ ತಪ್ಪಿದ್ದರೆ ನಗಬೇಡ. ಆರನೇ ಕ್ಲಾಸಿಗೇ ಇಂಗ್ಲಿಷ್ ಶಾಲೆಯ ಹಾಸ್ಟೆಲ್ಲಿಗೆ ಹಾಕಿದವಳು ನೀನೇ.

ದೀಪಾವಳಿಗೆ ಬಂದಾಗ ಕೇಳಿದ್ದೆಯಲ್ಲ, "ಅದೇನೇ ಇದು, ಬೇಲೂರು ಹಳೇಬೀಡಿನ ಅಂಗಡಿ ಬಿಟ್ರೆ ನಮ್ ಮಿಠಾಯಿ ಕೇಳೋರಿರ್ಲಿಲ್ಲ, ಈಗ ಪುಣೆಯಿಂದ ಆರ್ಡರ್ ಬತ್ತಾ ಐತೆ?" ಎಂದು. ಕಾಲೇಜಿನ ಪ್ರಾಜೆಕ್ಟ್ ಎಂದು ಜಾರಿಕೊಂಡೆ. ಅದು ಅರ್ಧ ನಿಜ.

ಒಂದು ಸಣ್ಣ ವ್ಯಾಪಾರವನ್ನು ಇಂಟರ್‌ನೆಟ್‌ನಲ್ಲಿ ಬೆಳೆಸುವ ಪ್ಲ್ಯಾನ್ ಮಾಡಿ ಎಂದಿದ್ದರು ಚಿತ್ರಾ ಮೇಡಂ. ಆರ್ಕುಟ್ ಎಂದಿದೆ ಅಮ್ಮ, ಕಂಪ್ಯೂಟರ್‌ನಲ್ಲಿ ಜನ ಫೋಟೋ ಹಾಕಿಕೊಂಡು ಹರಟುವ ಜಗುಲಿ. ಮೊದಲು ಅಂಗಡಿಯ ಹೆಸರಲ್ಲೇ ಪ್ರೊಫೈಲ್ ತೆರೆದು ಮಿಠಾಯಿಯ ಫೋಟೋ, ರೇಟು ಎಲ್ಲ ಹಾಕಿದೆ. ಒಂದು ನೊಣವೂ ಬರಲಿಲ್ಲ. ರೂಂಮೇಟ್ ಲತಾಮಣಿ ನಕ್ಕಳು: "ಅಂಗಡಿ ಜೊತೆ ಯಾರೇ ಫ್ರೆಂಡ್‌ಶಿಪ್ ಮಾಡ್ತಾರೆ? ಯಾರನ್ನಾದ್ರೂ ಕೂರಿಸು ಕಣೇ ಅಲ್ಲಿ."

ನಾನು ಅಜ್ಜಿಯನ್ನು ಕೂರಿಸಿದೆ. ಮಿಠಾಯಿ ಡಬ್ಬದ ಮೇಲಿರುವುದು ಮುದ್ದಮ್ಮ ಎಂಬ ಅವಳದೇ ಹೆಸರು, ಅವಳದೇ ಮುಖ ಅಲ್ಲವೇ. ಹೋದ ಶ್ರಾವಣದಲ್ಲಿ ಅವಳು ತೀರಿಕೊಂಡದ್ದನ್ನು ಮಾತ್ರ ಎಲ್ಲೂ ಹಾಕಲಿಲ್ಲ. ನನ್ನ ಪ್ಲ್ಯಾನ್ ಸುಲಭದ್ದು. ನಮ್ಮ ಅರಸೀಕೆರೆ ಬಿಟ್ಟು ದೂರ ಇರುವವರನ್ನು ಹುಡುಕುವುದು. ಟೀ ಹೊತ್ತಿಗೆ, ಊರು ನೆನಪಾಗುವ ಹೊತ್ತಿಗೆ ಬರೆಯುವುದು. ರೇಟು ಹೇಳಬಾರದು, ಮೊದಲು ಊಟ ಕೇಳಬೇಕು. "ಉಂಡ್ಯೇನ್ಲಾ ಮಗಾ? ನಾನೀಗ ಕೊಬ್ರಿ ತುರೀತಾ ಕುಂತಿವ್ನಿ." ಅಷ್ಟೇ ಸಾಕಾಯಿತು, ಜನ ಅವ್ವಾ ಅವ್ವಾ ಎಂದು ಮುಗಿಬಿದ್ದರು. ಮೇಡಂ ನನ್ನ ಪ್ಲ್ಯಾನನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು.

ಆಮೇಲೆ ಹೆದರಿಕೆ ಶುರುವಾಯಿತು. ಮೊದಮೊದಲು ಅಜ್ಜಿ ಹೇಗೆ ಹೇಳುತ್ತಿದ್ದಳೆಂದು ಯೋಚಿಸಿ ಬರೆಯುತ್ತಿದ್ದೆ. ಬರುಬರುತ್ತಾ ಯೋಚಿಸುವುದೇ ಬೇಕಾಗಲಿಲ್ಲ. ಒಂದು ದಿನ ಸೈಬರ್ ಕೆಫೆಯ ಧರ್ಮೇಶ್ ನನ್ನ ಹಿಂದೆ ಬಂದು ನಿಂತು, "ಮೇಡಂ, ಇಲ್ಲಿ ಎಲೆ ಅಡಿಕೆ ಹಾಕಂಗಿಲ್ಲ," ಅಂದ. ನನ್ನ ಬಾಯಲ್ಲಿ ಏನೂ ಇರಲಿಲ್ಲ ಅಮ್ಮ. ಅಜ್ಜಿಯ ಎಲೆ ಅಡಿಕೆಯ ವಾಸನೆ ಮಾತ್ರ ನನಗೂ ಬರುತ್ತಿತ್ತು.

ಅದೇ ವಾರ ಸೊಲ್ಲಾಪುರದಿಂದ ಒಬ್ಬರು ಬರೆದರು. ಇಂದ್ರೇಶ್ ಎಂದು ಹೆಸರು. "ನೀನು ನಮ್ಮವ್ವನೇ ಆಗಿದ್ರೆ ನನ್ನ ಏನಂತ ಬೈತಿದ್ದೆ ಹೇಳು."

ಬೇರೆ ಜಾತಿಯವಳನ್ನು ಮದುವೆಯಾಗಿ ಮನೆ ಬಿಟ್ಟ ನಿನ್ನ ತಮ್ಮ. ಅವರ ಮುಖವೇ ನನಗೆ ನೆನಪಿಲ್ಲ. ಕಂಪ್ಯೂಟರ್ ಆರಿಸಿಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಬೆರಳು ಬರೆದಾಗಿತ್ತು: "ಮೊಂಡ ಕುಡ್ಲು ಕಣ್ಲಾ ನೀನು." ಅಮ್ಮ, ಮೊಂಡ ಕುಡುಗೋಲು ಎನ್ನುವ ಈ ಬೈಗುಳವನ್ನು ನನಗೆ ಯಾರೂ ಹೇಳಿರಲಿಲ್ಲ. ನೀನೇನಾದರೂ ಹೇಳಿದ್ದೆಯಾ? ಹೇಳಿದ್ದೆ ಅನ್ನು, ನನಗೆ ನಿದ್ದೆ ಬರಲಿ.

ಮಾಮನಿಗೆ ಅಷ್ಟು ಸಾಕಾಯಿತು. ಮಾರನೇ ದಿನ ಹೀಗೆ ಬರೆದಿದ್ದರು: "ಅವ್ವಾ, ಪುಟ್ಟದೊಂದು ಮನೆ ಕಟ್ಟಿದೀನಿ. ಕಾರ್ತಿಕದ ಕೊನೇ ಸೋಮವಾರ ಗೃಹಪ್ರವೇಶ. ನೀನು ಬಂದು ಹಾಲು ಉಕ್ಕಿಸ್ದೆ ಒಲೆ ಹಚ್ಚಲ್ಲ."

ಹೇಗೋ ಮಾತು ಮುಗಿಸಿದರೆ ಸಾಕೆಂದು "ಒಳ್ಳೇದಾಗ್ಲಿ ಮಗಾ, ಬತ್ತೀನಿ" ಎಂದು ಬರೆದು ಎದ್ದುಬಿಟ್ಟೆ. ನಮ್ಮಲ್ಲಿ ಹೊರಡುವಾಗ ಹೋಗ್ತೀನಿ ಅನ್ನಬಾರದಲ್ಲ, ಅಜ್ಜಿಯ ಎಲ್ಲ ಮಾತನ್ನೂ ನಾನು ಮುಗಿಸುತ್ತಿದ್ದದ್ದು ಹಾಗೆಯೇ. ಮಾಮ ಅದನ್ನು ಬರುವ ಮಾತೆಂದೇ ತಿಳಿದರು. ಈಗ ದಿನಾ ಬರೆಯುತ್ತಾರೆ. ಮೆಟ್ಟಿಲು ಹತ್ತುವುದು ಬೇಡವೆಂದು ಮುಂದಿನ ಕೋಣೆಯಲ್ಲೇ ಮಂಚ ಹಾಕಿಸಿದ್ದಾರಂತೆ. ಪೂಜೆಗೆ ಮೂಲೆ ಮಾಡಿಸಿದ್ದಾರಂತೆ. ಹೆಂಡತಿಗೆ ನಮ್ಮ ಕಡೆಯ ಮುದ್ದೆ ತಿರುವುವುದನ್ನು ಕಲಿಸುತ್ತಿದ್ದಾರಂತೆ.

ಅಜ್ಜಿಯನ್ನು ತೋಟದಲ್ಲಿ ಮಣ್ಣು ಮಾಡಿದ ದಿನ ನೀನು ಹೇಳಿದ್ದೆ, "ಟೆಲಿಗ್ರಾಂ ಕೊಟ್ವಿ ಕಣೇ, ಕಲ್ಲೆದೆಯೋನು, ಬರ್ಲಿಲ್ಲ." ಕೊಟ್ಟಿದ್ದೀಯ ಅಮ್ಮ, ಅದು ದಾರಿಯಲ್ಲಿ ಕಳೆದುಹೋಗಿದೆ. ನಾನು ಹಾಗೆಂದೇ ನಂಬಿದ್ದೇನೆ. ಹಾಸಿಗೆ ಹಿಡಿದ ಅಜ್ಜಿಯ ಬಟ್ಟೆ ಒಗೆದವಳು ನೀನೊಬ್ಬಳೇ. ನಿನಗೆ ಸಿಟ್ಟು ಬಂದಿದ್ದರೆ ಅದು ತಪ್ಪೆಂದು ಹೇಳಲು ನಾನು ಯಾರು?

ಆದರೆ ಮಾಮ ಬರುವ ಸೋಮವಾರ ಹಾಲಿಟ್ಟುಕೊಂಡು ಕಾಯುತ್ತಾರೆ. ಅಜ್ಜಿ ಇಲ್ಲ ಎನ್ನುವುದನ್ನು ಅಜ್ಜಿಯ ಹೆಸರಲ್ಲೇ ನಾನು ಹೇಗೆ ಬರೆಯಲಿ? ಅದನ್ನು ಹೇಳಬಲ್ಲವಳು ನೀನೊಬ್ಬಳೇ. ಅವರ ನಂಬರ್ ಈ ಹಾಳೆಯ ಹಿಂದೆ ಬರೆದಿದ್ದೇನೆ.

ಪ್ರಾಜೆಕ್ಟ್ ಮುಗಿದಿದೆ, ಪ್ರೊಫೈಲ್ ತೆಗೆದುಬಿಡುತ್ತೇನೆ. ಆರ್ಡರ್ ನಿಂತರೆ ಬೈಯಬೇಡ.

ಇಲ್ಲಿ ರಾತ್ರಿ ಮಲಗಲು ಹೆದರುವ ನಿನ್ನ ಮಗಳು,
ಅಕ್ಷತಾ

ತಾ.ಕ.: ಕವರ್ ಅಂಟಿಸುವ ಮುಂಚೆ ಪ್ರೊಫೈಲ್ ಅಳಿಸಲೆಂದೇ ಕೆಫೆಗೆ ಹೋದೆ. ಅಳಿಸಲಾಗಲಿಲ್ಲ. "ನನ್ ಕೈಲಿ ಬರಾಕಾಗಕಿಲ್ಲ ಕಣ್ಲಾ, ನಿಮ್ಮಕ್ಕನ್ನ ಕಳಿಸ್ತೀನಿ, ಅವಳೇ ಉಕ್ಕಿಸ್ಲಿ" ಎಂದು ಬೆರಳು ಬರೆದಾಗಿದೆ. ನಾನು ಎದ್ದು ಹೊರಡುವ ಮೊದಲೇ ಮಾಮನ ಉತ್ತರ ಬಂತು: "ಅಕ್ಕ ಬತ್ತಾಳಾ ಅವ್ವಾ? ನನ್ ಜೊತೆ ಮಾತಾಡ್ತಾಳಾ?"