ರೆಕ್ಕೆ ಹೊರಡುವ ಜಾಗ

ಮಾರ್ಚ್ 5, ಗುರುವಾರ

ಇದನ್ನು ಬರೆಯದೇ ಬಿಡುವವಳಿದ್ದೆ. ಇವತ್ತು ಸಂಸ್ಥೆಯಲ್ಲಿ ನನ್ನ ಗೈಡ್ ಸರ್, ನಾನು ತೋರಿಸಿದ ಗೆಲಾಕ್ಸಿ ನೋಡಿ ಎಲ್ಲರೆದುರು, "ಏನ್ ಕಣ್ಣು ರೀ ನಿಮ್ದು!" ಅಂದಾಗ ಸುಮ್ಮನೆ ನಕ್ಕೆ. ಕಣ್ಣು ನನ್ನದಲ್ಲ. ಚಿಕ್ಕಮ್ಮನದು.

ಅದೂ ಒಂದೇ ಕಣ್ಣು; ಇನ್ನೊಂದಕ್ಕೆ ಆಪರೇಷನ್ ಆಗಿ ಪಟ್ಟಿ ಕಟ್ಟಿದೆ. ಅದಕ್ಕೇ ನನ್ನ ಮನೆಯಲ್ಲಿದ್ದಾಳೆ. ನಲವತ್ತು ವರ್ಷದಿಂದ ಟೈಲರ್, ಈಗ ಕೈಗೆ ಕೆಲಸವಿಲ್ಲ. ಕಳೆದ ಭಾನುವಾರ ಊಟದ ಮೇಜಿನ ಮೇಲೆ ನನ್ನ ಪ್ರಿಂಟ್‌ಔಟ್‌ಗಳು ಹರಡಿದ್ದವು — ರೇಡಿಯೊ ಅಲೆಗಳಲ್ಲಿ ಕಾಣುವ ಗೆಲಾಕ್ಸಿಗಳು. ನಡುವಿನಿಂದ ಎರಡೂ ಕಡೆ ಚಿಮ್ಮುವ ಜೆಟ್‌ಗಳು. ಅಪರೂಪಕ್ಕೆ ಇನ್ನೆರಡು ಮಂಕು ರೆಕ್ಕೆ ಸೇರಿ ಎಕ್ಸ್ ಆಕಾರ. ಎರಡು ವರ್ಷ ಹುಡುಕಿ ಹದಿಮೂರು ಎಕ್ಸ್ ಆರಿಸಿದ್ದೆ.

"ಡಾಕ್ಟ್ರು ಸೂಜಿ ಮುಟ್ಬೇಡಿ ಅಂದ್ರು. ಕಾಗದ ನೋಡ್ಬೇಡಿ ಅಂದಿಲ್ವಲ್ಲ."

ಹಾಳೆಗಳನ್ನು ಬಟ್ಟೆಯಂತೆ ಸುತ್ತ ತಿರುಗಿಸಿ ನೋಡಿದಳು. ನಾವು ಯಾರೂ ತಿರುಗಿಸುವುದಿಲ್ಲ. ಉತ್ತರ ದಿಕ್ಕು ಯಾವಾಗಲೂ ಮೇಲೆ.

"ಇದೊಂದು ಬೇರೆ ಕಣೇ. ಮಿಕ್ಕಿದ್ದಕ್ಕೆಲ್ಲ ರೆಕ್ಕೆ ನಡುವಿಂದ ಹೊರಟಿದೆ. ಇದಕ್ಕೆ ಮೊಣಕೈಯಿಂದ."

"ಚಿಕ್ಕಮ್ಮಾ, ಅದು ಬ್ಲೌಸಲ್ಲ."

"ತೋಳು ತೋಳೇ. ಸ್ಕೇಲ್ ಇಟ್ ನೋಡು."

ಇಟ್ಟೆ. ರೆಕ್ಕೆಗಳ ಗೆರೆ ನಡುವನ್ನು ಮುಟ್ಟಲೇ ಇಲ್ಲ. ಎಕ್ಸ್ ಅಲ್ಲ, ಝಡ್. ಇನ್ನೂ ಅಪರೂಪದ್ದು.

ಮಾರ್ಚ್ 6

ಮಿಕ್ಕ ಹನ್ನೆರಡನ್ನೂ ಬೇಕೆಂದೇ ತಲೆಕೆಳಗಾಗಿ ಚಿಕ್ಕಮ್ಮನಿಗೆ ಕೊಟ್ಟೆ. ರೆಕ್ಕೆ ಹೊರಡುವ ಜಾಗ ತೋರಿಸುವಾಗ ಒಂದರಲ್ಲೂ ತಪ್ಪಲಿಲ್ಲ. ನಾನು ಕಲಿತದ್ದು ಆಕಾಶ. ಅವಳಿಗೆ ಗೊತ್ತಿರುವುದು ಆಕಾರ... ಎಂಥ ಹೆಂಗಸು! ನಾನೋ, ಅವಳ ಹೊಗಳಿಕೆಯನ್ನು ಜೇಬಿಗಿಳಿಸಿ ಕೂತಿದ್ದೇನೆ.

ಮಾರ್ಚ್ 12

ಐದು ದಿನ ಬರೆಯಲಿಲ್ಲ. ಮುಖವಿರಲಿಲ್ಲ.

ಇವತ್ತು ಸರ್ ಹತ್ತಿರ ನಿಜ ಹೇಳಿಬಿಟ್ಟೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಒಂದು ವಾರ ಬೇಕಾಯ್ತಾ?" ಚುರುಕ್ ಅಂತು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಲೇಖಕರ ಪಟ್ಟೀಲಿ ಅವರ ಹೆಸರು ಹಾಕಿ."

ಚಿಕ್ಕಮ್ಮ ಒಪ್ಪಬೇಕಲ್ಲ!

"ಹೆಸರು ಗಿಸರು ಯಾಕೆ? ನೋಡಿದ್ದು ಹೇಳ್ದೆ, ಅಷ್ಟೇ."

"ನಿಂದಲ್ಲದ ಬ್ಲೌಸಿಗೆ ನಿನ್ನ ಅಂಗಡಿ ಲೇಬಲ್ ಹಾಕ್ತಿದ್ಯಾ?"

ಹಾಳೆಯನ್ನು ನನ್ನ ಕಡೆ ತಳ್ಳಿದಳು. "ಹಾಗಾದ್ರೆ ಟೈಲರ್ ಅಂತ ಬರಿ. ನಿವೃತ್ತ ಗಿವೃತ್ತ ಅಂತ ಹಾಕೀಯ ಮತ್ತೆ!"

ಮಾರ್ಚ್ 16, ಬೆಳಿಗ್ಗೆ

ಎಕ್ಸ್ ಹನ್ನೆರಡು, ಝಡ್ ಒಂದು. ಪೇಪರ್ ಸಿದ್ಧ. ಎರಡನೇ ಹೆಸರು ಅವಳದು. ಕೆಳಗೆ, ನಮ್ಮ ಸಂಸ್ಥೆಯ ವಿಳಾಸದ ಪಕ್ಕದಲ್ಲೇ — ಟೈಲರ್. ಪೇಪರ್‌ಗಳನ್ನು ಎಲ್ಲರಿಗೂ ತೆರೆದಿಡುವ ಸೈಟಿಗೆ ಇವತ್ತೇ ಹಾಕಬಹುದಿತ್ತು. ಆದರೆ ಬಟನ್ ಒತ್ತಬೇಕಾದವಳು ಅವಳು, ಕಣ್ಣಿನ ಪಟ್ಟಿ ತೆಗೆದ ಮೇಲೆ. ಡಾಕ್ಟರು ಸೂಜಿ ಮುಟ್ಟಲು ಬಿಡುವ ದಿನವೇ ಪೋಸ್ಟ್ —

ನಾಡಿದ್ದು, ಮಾರ್ಚ್ 18, ಬುಧವಾರ.