ಮಳೆಗೆ ಜಾಗ ಬಿಡದ ಬಾಗಿಲು

ಹ್ಯಾಂಡ್‌ಪೋಸ್ಟ್,
ಎಚ್.ಡಿ. ಕೋಟೆ ತಾಲ್ಲೂಕು
ಬುಧವಾರ, ೬ ಆಗಸ್ಟ್ ೨೦೨೫

ಫರ್ದೀನನ ಅಬ್ಬಾ ಅವರಿಗೆ,

ಅಸ್ಸಲಾಮು ಅಲೈಕುಂ. ಮೊದಲ ಸಾಲಿಗೇ ಹುಬ್ಬು ಗಂಟಿಕ್ಕಬೇಡಿ. ಅವನು ಹುಟ್ಟಿದಾಗಿನಿಂದ ನಿಮ್ಮನ್ನು ಹೀಗೇ ಕರೆದಿದ್ದೇನೆ. ಮೇ ತಿಂಗಳಿಂದ ಈಚೆಗೆ ಮಗಳ ಹೆಸರು ಹಿಡಿದು ‘ಅಲ್ಮಾಸ್ ಅಬ್ಬಾ ಅನ್ನು’ ಅಂತ ಹಟ ಮಾಡುತ್ತಿದ್ದೀರಿ. ಮಗನ ಮೇಲಿನ ಕೋಪಕ್ಕೆ ಹೆಂಡತಿಯ ನಾಲಿಗೆ ತಿದ್ದಲು ಹೊರಟವರನ್ನು ಹುಣಸೂರಿನಲ್ಲಿ ನಿಮ್ಮೊಬ್ಬರನ್ನೇ ನೋಡಿದ್ದು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫರ್ದೀನ್ ಅನ್ನುವಷ್ಟರಲ್ಲಿ ನೀವು ಮರ ಕೊಯ್ಯುವ ಮಿಷನ್ ಹಾಕಿಬಿಡುತ್ತೀರಿ. ಆ ಗಲಾಟೆಯಲ್ಲಿ ‘ಕೇಳಿಸ್ತಾ ಇಲ್ಲ, ಆಮೇಲೆ ಮಾಡು’ ಅನ್ನುತ್ತೀರಿ. ಈಗ ಎಷ್ಟು ಬೇಕೋ ಅಷ್ಟು ಮಿಷನ್ ಹಾಕಿಕೊಳ್ಳಿ. ಬೀಚನಹಳ್ಳಿ ಸರ್ಕಾರಿ ಶಾಲೆಯಲ್ಲಿ ಕಲಿತ ಕನ್ನಡ ನನ್ನ ಕೈಯಲ್ಲಿ ಇನ್ನೂ ಇದೆ.

ಮೊದಲು ಕ್ಷೇಮ ಸಮಾಚಾರ. ಅಲ್ಮಾಸ್ ಚೆನ್ನಾಗಿದ್ದಾಳೆ. ಕೂಸಿನ ಜ್ವರ ಬಿಟ್ಟಿದೆ, ಹಾಲು ಕುಡಿಯುತ್ತಿದೆ. ಜ್ವರ ಯಾವಾಗ ಬಂದಿತ್ತು ಅಂತ ಎದ್ದು ನಿಲ್ಲಬೇಡಿ, ಅದನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ.

ನೀವು ಅಲ್ಮಾಸಳ ಕೋಣೆಗೆ ಮಾಡಿಕೊಟ್ಟ ಹಲಸಿನ ಬಾಗಿಲು ಹೋದ ವಾರ ಬಿಗಿದುಕೊಂಡಿತು. ಮಳೆ ಹಿಡಿದಾಗಿನಿಂದಲೇ ಅದು ಚೌಕಟ್ಟಿಗೆ ಉಜ್ಜುತ್ತಿತ್ತು. ನಾವು ಭುಜ ಕೊಟ್ಟು ತಳ್ಳಿ, ಒದ್ದು, ಹೇಗೋ ಸಂಭಾಳಿಸುತ್ತಿದ್ದೆವು. ನಿಮಗೆ ಹೇಳಿದರೆ ನಿಮ್ಮ ಮುಖ ಹೇಗಾಗುತ್ತದೆಂದು ಗೊತ್ತಿದ್ದ ಕಾರಣ ಯಾರೂ ಬಾಯಿ ಬಿಡಲಿಲ್ಲ. ಇಲ್ಲಿಯ ಜಡಿಮಳೆ ಹುಣಸೂರಿನಂತಲ್ಲ. ಒಗೆದ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರಾಗಿ ಕೂತಿರುತ್ತದೆ. ಅಂಥ ಒಂದು ಮಧ್ಯಾಹ್ನ ಅಲ್ಮಾಸ್ ಗಾಳಿ ಹೊಡೆಯುತ್ತದೆಂದು ಬಾಗಿಲನ್ನು ಒಳಗಿಂದ ಜೋರಾಗಿ ದೂಡಿ ಹಾಕಿಕೊಂಡು ಕೂಸನ್ನು ಮಲಗಿಸಿದಳು. ಮತ್ತೆ ತೆಗೆಯಲು ಹೋದರೆ ಅದು ಒಂದಿಷ್ಟೂ ಅಲ್ಲಾಡಲಿಲ್ಲ.

ಒಳಗೆ ಕೂಸಿನ ಮೈ ಕೆಂಡ. ಡಾಕ್ಟರು ಕೊಟ್ಟ ಜ್ವರದ ಔಷಧಿ ಅಡುಗೆಮನೆಯಲ್ಲಿ, ನನ್ನ ಕೈಯಲ್ಲಿ. ಅಳಿಯ ಸೊಹೈಲ್ ಸರಕು ತರಲು ಮೈಸೂರಿಗೆ ಹೋಗಿದ್ದ. ನಾನು ಹೊರಗಿಂದ ತಳ್ಳಿದೆ, ಅವಳು ಒಳಗಿಂದ ಎಳೆದಳು. ಪಕ್ಕದ ಮನೆಯ ಚಿಕ್ಕಮಾದಮ್ಮ ಓಡಿ ಬಂದು ತಮ್ಮ ಭುಜವನ್ನೂ ಕೊಟ್ಟರು. ‘ಇದೇನವ್ವ, ಬಾಗ್ಲು ಮಾಡವ್ರಾ, ಗ್ವಾಡೆ ಕಟ್ಟವ್ರಾ?’ ಅಂತ ಕೇಳಿದರು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಕೊನೆಗೆ ಮಳೆಯಲ್ಲೇ ಮನೆ ಸುತ್ತಿ ಹಿತ್ತಿಲಿಗೆ ಹೋಗಿ, ಕಿಟಕಿಯ ಸರಳಿನೊಳಗಿಂದ ಔಷಧಿ ಕೊಟ್ಟೆ.

ಆಗ ಫರ್ದೀನನಿಗೆ ಫೋನ್ ಮಾಡಿದೆ. ನೀವು ಅವನ ಉಳಿ ಸುತ್ತಿಗೆಯ ಚೀಲವನ್ನು ಬೀದಿಗೆ ಎಸೆದ ಮೇಲೆ ಅವನು ಕೋಟೆಯ ಒಂದು ಅಂಗಡಿಯಲ್ಲಿ ರೆಡಿಮೇಡ್ ಬಾಗಿಲು ಕೂರಿಸುವ ಕೆಲಸಕ್ಕೆ ಸೇರಿದ್ದಾನೆ. ಇದು ನಿಮಗೆ ಗೊತ್ತು, ಗೊತ್ತಿಲ್ಲದವರ ಹಾಗೆ ಇದ್ದೀರಿ. ಅಂಗಡಿಯ ಕೆಲಸ ಅಲ್ಲೇ ಬಿಟ್ಟು ಬೈಕಿನಲ್ಲಿ ತೊಯ್ದು ತೊಪ್ಪೆಯಾಗಿ ಬಂದ. ಬಂದವನು ಬಾಗಿಲನ್ನು ಒಡೆಯಲಿಲ್ಲ. ‘ಸನಿಕೆ ಕೊಡ್ಲಾ ಮಗ?’ ಅಂತ ಚಿಕ್ಕಮಾದಮ್ಮ ಕೇಳಿದ್ದಕ್ಕೆ, ‘ಬ್ಯಾಡಿ ಕಣವ್ವ, ಪೆಟ್ಟು ಬಿದ್ರೆ ಅಂಚು ಸೀಳ್ತದೆ’ ಅಂದ. ಕಿಟಕಿಯ ಹತ್ತಿರ ನಿಂತು ತಂಗಿಗೆ ಒಂದೊಂದೇ ಹೇಳಿಕೊಟ್ಟ. ಸರಳಿನೊಳಗಿಂದ ಸುತ್ತಿಗೆ, ಮೊಳೆ ಕೊಟ್ಟು ಕೀಲುಗಳ ಕಡ್ಡಿಯನ್ನು ಕೆಳಗಿನಿಂದ ಮೇಲಕ್ಕೆ ಹೊಡೆಸಿದ. ಅಲ್ಮಾಸ್ ನಿಮ್ಮ ಮಗಳಲ್ಲವೇ, ಅಳುತ್ತಲೇ ಎಲ್ಲ ಕಡ್ಡಿಯನ್ನೂ ತೆಗೆದಳು. ಕೂಸನ್ನು ಎತ್ತಿಕೊಂಡು ಮೂಲೆಗೆ ನಿಲ್ಲು ಅಂದು, ಇವನು ಹೊರಗಿನಿಂದ ಬುಡಕ್ಕೆ ಕಾಲು ಕೊಟ್ಟು ನಿಧಾನವಾಗಿ ಒತ್ತಿದ. ಬಾಗಿಲು ಒಳಕ್ಕೆ ಬಂತು.

ಬಾಗಿಲನ್ನು ಹಜಾರದ ಗೋಡೆಗೆ ಒರಗಿಸಿ, ಅದರ ಅಂಚಿನ ಮೇಲೆ ಉದ್ದಕ್ಕೂ ಕೈಯಾಡಿಸಿದ. ‘ಅಮ್ಮಿ, ಇದ್ರಲ್ಲಿ ಒಂದೂ ತಪ್ಪಿಲ್ಲ ಕಣಮ್ಮಿ. ಮಳೆಗೆ ಜಾಗ ಬುಟ್ಟಿಲ್ಲ, ಅಷ್ಟೇ’ ಅಂದ. ನಾನು ನೀನೇ ಒಂದಿಷ್ಟು ಕೀಸಿ ಕೂರಿಸು ಅಂದೆ. ಅಬ್ಬಾ ಮಾಡಿದ ಬಾಗಿಲಿಗೆ ಅವರು ಹೇಳದೆ ತಾನು ಉಜ್ಜುಗೊರಡು ಇಡುವುದಿಲ್ಲ ಅಂದುಬಿಟ್ಟ. ರಾತ್ರಿ ಬಂದ ಸೊಹೈಲ್, ಹಾಗಾದರೆ ನಿಮ್ಮ ಅಂಗಡಿಯಿಂದಲೇ ಒಂದು ರೆಡಿಮೇಡ್ ತಂದು ಹಾಕಿ ಭಾವ ಅಂದ. ಅದಕ್ಕೂ ಫರ್ದೀನ್ ಒಪ್ಪಲಿಲ್ಲ. ಈಗ ಬಾಣಂತಿಯ ಕೋಣೆಗೆ ನನ್ನ ಹಳೆಯ ಬೆಡ್‌ಶೀಟು ಬಾಗಿಲು.

ಇಷ್ಟು ದಿನ ಆ ಬೆಡ್‌ಶೀಟಿನ ಈಚೆ ಕೂತು ನಿಮ್ಮ ಬಾಗಿಲನ್ನೇ ನೋಡುತ್ತಿದ್ದೇನೆ. ನಿಮಗೆ ಮರ ಗೊತ್ತಿಲ್ಲ ಅಂತ ನಾನು ಹೇಳಿದರೆ ಅಲ್ಲಾಹ್ ಮೆಚ್ಚುವುದಿಲ್ಲ. ಬಿಸಿಲಿನಲ್ಲಿ ಕೂರಿಸುವ ಬಾಗಿಲಿಗೆ ಮಳೆಗಾಲದ ಸಂದು ಬಿಡಬೇಕೆಂದು ಫರ್ದೀನನಿಗೆ ಕಲಿಸಿದವರೇ ನೀವು. ಆದರೆ ಮೇ ತಿಂಗಳಲ್ಲಿ ಬಾಗಿಲು ಕೂರಿಸಿದ ದಿನ ಸೊಹೈಲನ ಅಣ್ಣ ಅಡುಗೆಮನೆಯ ರೆಡಿಮೇಡ್ ಬಾಗಿಲು ತೋರಿಸಿ ‘ಒಂದು ಕೂದಲೂ ತೂರಲ್ಲ ನೋಡಿ ಮಾಮು’ ಅಂದ. ನಿಮಗೆ ಅದು ನಾಟಿತು. ಆ ಉರಿಬಿಸಿಲಿನಲ್ಲಿ ನಿಮ್ಮ ಬಾಗಿಲಿಗೂ ಕೂದಲು ತೂರದಂತೆ ಮಾಡಿದಿರಿ. ಬೀಗರ ಮುಂದೆ ಮಗ ‘ಅಬ್ಬಾ, ಸ್ವಲ್ಪ ಸಂದು ಬುಡೋಣ’ ಅಂದಾಗ, ‘ಮಳೆ ಹೆಂಗೆ ಬತ್ತದೆ ಅಂತ ನಂಗೆ ನೀನು ಕಲಿಸ್ತೀಯೇನ್ಲಾ?’ ಅಂತ ಚೀಲ ಎತ್ತಿ ಎಸೆದಿರಿ. ಆ ರೆಡಿಮೇಡ್ ಬಾಗಿಲು ಮರದ ಪುಡಿಗೆ ಗೋಂದು ಹಾಕಿ ಒತ್ತಿದ ಹಲಗೆ. ಅದಕ್ಕೆ ಬೇಸಿಗೆಯೂ ಇಲ್ಲ, ಮಳೆಗಾಲವೂ ಇಲ್ಲ. ಅದರ ಜೊತೆ ನಿಮ್ಮಂಥವರು ಜಿದ್ದಿಗೆ ಬೀಳುವುದೇ?

ಹಲಸನ್ನು ಕಡಿದು ವರ್ಷಗಳಾಗಿವೆ. ಕೊಯ್ದಿರಿ, ಒಣಗಿಸಿದಿರಿ, ಪಾಲಿಶ್ ಹಾಕಿದಿರಿ. ಆದರೂ ಹೊರಗೆ ಮಳೆ ಬಂದರೆ ಅದಕ್ಕೆ ಗೊತ್ತಾಗುತ್ತದೆ. ಬೇರಿಲ್ಲ, ಎಲೆಯಿಲ್ಲ, ಆದರೂ ಉಬ್ಬುತ್ತದೆ. ನಿಮ್ಮ ಕೈಗೆ ಬಂದ ಮೇಲೆ ಮರ ನಿಮ್ಮದು ಅಂದುಕೊಂಡಿದ್ದೆವು, ನೀವೂ, ನಾನೂ. ಅದು ಇನ್ನೂ ಮಳೆಯದೇ. ಮೊನ್ನೆ ಸೊಹೈಲ್ ನನ್ನನ್ನು ಕಬಿನಿ ಹಿನ್ನೀರಿನ ಕಡೆ ಕರೆದುಕೊಂಡು ಹೋಗಿದ್ದ. ಮೇ ತಿಂಗಳಲ್ಲಿ ದನ ಮೇಯುತ್ತಿದ್ದ ಬಯಲೆಲ್ಲ ನೀರಾಗಿದೆ. ದನ ಕಾಯುವವರು ಯಾರೊಡನೆಯೂ ಜಗಳ ಆಡದೆ ದಿಬ್ಬಕ್ಕೆ ಸರಿದುಕೊಂಡಿದ್ದಾರೆ. ಬೇಸಿಗೆಗೆ ಮತ್ತೆ ಇಳಿಯುತ್ತಾರೆ. ಅವರನ್ನು ನೋಡಿ ನಿಮ್ಮ ನೆನಪಾಯಿತು. ಇಷ್ಟು ಸರಿದುಕೊಳ್ಳುವುದು ನಮಗೇಕೆ ಇಷ್ಟು ಕಷ್ಟ?

ನಾನೇನು ಕಮ್ಮಿಯಲ್ಲ. ನಾನಿಲ್ಲದೆ ಹುಣಸೂರಿನ ಮನೆ ಒಂದು ದಿನ ನಡೆಯುವುದಿಲ್ಲ ಅಂದುಕೊಂಡಿದ್ದೆ. ನೀವು ಅನ್ನ ಸಾರು ಮಾಡಿಕೊಂಡು, ನನ್ನ ಕರಿಬೇವಿನ ಗಿಡಕ್ಕೂ ನೀರು ಹಾಕಿಕೊಂಡು ಆರಾಮಾಗಿದ್ದೀರೆಂದು ನಮ್ಮ ಪಕ್ಕದ ಮನೆಯ ಮೆಹನಾಜ್ ಫೋನಿನಲ್ಲಿ ಹೇಳಿದಳು. ಗಿಡ ನಾನಿದ್ದಾಗಿನದಕ್ಕಿಂತ ಚೆನ್ನಾಗಿ ಚಿಗುರಿದೆಯಂತೆ. ಸಿಟ್ಟು ಬಂತು, ಆಮೇಲೆ ನಗು ಬಂತು. ನನ್ನ ಸೊಕ್ಕೂ ಅಷ್ಟು ಇಳಿಯಿತು.

ಈಗ ನೀವು ಏನು ಹೇಳುತ್ತೀರೆಂದು ನನಗೆ ಗೊತ್ತು. ಈಗ ಕೀಸಿದರೆ ಬೇಸಿಗೆಯಲ್ಲಿ ಬಾಗಿಲು ಕುಗ್ಗಿ ಸಂದು ಕಾಣುತ್ತದೆ, ನೋಡಿದವರು ಸತ್ತಾರ್ ಮೇಸ್ತ್ರಿಯ ಕೆಲಸ ಇದೇನಾ ಅನ್ನುತ್ತಾರೆ. ಅನ್ನಲಿ ಬಿಡಿ. ನಿಮ್ಮ ಮೊಮ್ಮಗಳು ಆ ಸಂದಿನ ಬಿಸಿಲಿನಲ್ಲಿ ಅಂಬೆಗಾಲಿಡುತ್ತಾಳೆ. ನನಗೆ ಅಷ್ಟು ಸಾಕು.

ಇನ್ನೊಂದು ಮಾತು. ಬಾಣಂತನದ ನಲವತ್ತು ದಿನ ಮುಗಿದು ಬಹಳ ದಿನವಾಯಿತು. ಕೂಸಿಗೆ ನೆಗಡಿ, ಅಲ್ಮಾಸಳಿಗೆ ಸೊಂಟನೋವು ಅಂತ ನಿಮಗೆ ನೆಪ ಹೇಳಿಕೊಂಡು ಇಲ್ಲೇ ಇದ್ದೇನೆ. ನಿಜ ಹೇಳುತ್ತೇನೆ. ಕೆಲಸ ಮುಗಿಸಿ ಫರ್ದೀನ್ ಇಲ್ಲಿಗೆ ಊಟಕ್ಕೆ ಬಂದರೆ ಅವನ ತಲೆಗೂದಲಲ್ಲಿ ಮರದ ಹೊಟ್ಟು ಇರುವುದಿಲ್ಲ. ಚಿಕ್ಕಂದಿನಿಂದ ಆ ಹೊಟ್ಟು ಕೊಡವಿಯೇ ಅವನಿಗೆ ಅನ್ನ ಹಾಕಿದ ಕೈ ಇದು. ಅವನಿಲ್ಲದ ಮನೆಗೆ ಬರಲು ನನಗೆ ಮನಸ್ಸಾಗುತ್ತಿಲ್ಲ. ನೀವು ಬಂದು ಬಾಗಿಲು ಕೂರಿಸಿ, ಮಗನನ್ನು ಕರೆದುಕೊಂಡು ಹೊರಟರೆ ನಾನೂ ಅದೇ ಬಸ್ಸಿಗೆ ಹತ್ತುತ್ತೇನೆ. ಕ್ಷಮೆ ಕೇಳಿ ಅಂತ ನಾನು ಹೇಳುವುದಿಲ್ಲ. ಬಾಗಿಲಿನ ಇನ್ನೊಂದು ತುದಿ ಹಿಡಿದುಕೋ ಅಂತ ಅವನಿಗೆ ಹೇಳಿದರೆ ಸಾಕು.

ಮಂಡಿನೋವಿನ ಎಣ್ಣೆ ಕಪಾಟಿನ ಮೇಲಿನ ಅರೆಯಲ್ಲಿದೆ. ಮಳೆಗಾಲದಲ್ಲಿ ನಿಮ್ಮ ಮಂಡಿಯೂ ಉಬ್ಬುತ್ತದೆ, ಹಚ್ಚಿಕೊಳ್ಳಿ.

ಇಂತಿ ನಿಮ್ಮ ದಾರಿ ನೋಡುತ್ತಿರುವ,
ಅಕ್ತರುನ್ನೀಸಾ

ತಾ.ಕ.: ಒಂದು ವಿಷಯ ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬಾಗಿಲ ವಿಷಯ ತಿಳಿದು ನೀವೇ ಫೋನ್ ಮಾಡಿದಿರಿ, ‘ಭಾನುವಾರ ಬತ್ತೀನಿ, ಫರ್ದೀನ್ ಜೊತೆಗಿದ್ರೇ ಆಗೋದು’ ಅಂದಿರಿ ಅಂತ ಮನೆಯವರಿಗೆಲ್ಲ ನಾನೇ ಹೇಳಿಬಿಟ್ಟೆ. ಬೀಗರ ಮುಂದೆ ನಿಮ್ಮ ತಲೆ ತಗ್ಗಬಾರದು ಅಂತ ಬಾಯಿಗೆ ಬಂದ ಸುಳ್ಳು. ಫರ್ದೀನ್ ‘ಅಬ್ಬಾನೇ ಅಂದ್ರಾ ಅಮ್ಮಿ?’ ಅಂತ ಎರಡು ಸಲ ಕೇಳಿದ. ಎರಡು ಸಲವೂ ಹೌದು ಅಂದೆ. ಅವನು ಬೈಕ್ ಹತ್ತಿ ಹೊರಟ. ಸಂಜೆ ಬಂದು ಹೇಳುತ್ತಾನೆ, ಅಬ್ಬಾ ಕರೀತಾವ್ರೆ, ಸೋಮವಾರದಿಂದ ಬರಲ್ಲ ಅಂತ ಅಂಗಡಿಯವರಿಗೆ ಹೇಳಿ ಕೆಲಸ ಬಿಟ್ಟು ಬಂದಿದ್ದಾನಂತೆ. ಭಾನುವಾರ ಬೆಳಗಿನ ಬಸ್ಸಿಗೇ ಬಂದುಬಿಡಿ.