ಅರ್ಧ ಕಿಲೋ ಖೀಮಾ

8 ನವೆಂಬರ್ 1983, ಮಂಗಳವಾರ

ಖೀಮಾ–ಬಟಾಣಿ. ಈರುಳ್ಳಿ ಹಾಕಿದ್ದು 6.40. ಉರಿ ಆರಿಸಿದ್ದು 7.05. ಹಿಂದಿನ ಮಂಗಳವಾರಕ್ಕಿಂತ ಎರಡು ನಿಮಿಷ ಕಮ್ಮಿ.

ಶನಿವಾರ ಆಲೂಗಡ್ಡೆ, ಭಾನುವಾರ ಮ್ಯಾಕರೋನಿ, ಸೋಮವಾರ ಬರೀ ಕಾಳುಮೆಣಸು, ಮಂಗಳವಾರ ಬಟಾಣಿ, ಬುಧವಾರ ಉಳಿದದ್ದು. ಇಸಾಬೆಲ್ ಊರಿಗೆ ಹೋದ ಮೇಲಿನ ಟೈಮ್‌ಟೇಬಲ್. ಮೂರು ವರ್ಷವಾಯಿತು. ಹೆಂಡತಿ ಹತ್ತಿರವಿಲ್ಲದವನಿಗೆ ಬೀಫ್ ಖೀಮಾದಷ್ಟು ಅನುಕೂಲದ್ದು ಇನ್ನೊಂದಿಲ್ಲ. ಮುಳ್ಳಿಲ್ಲ, ಎಲುಬಿಲ್ಲ. ಯೋಚಿಸಬೇಕಾದ್ದೂ ಇಲ್ಲ.

ಕುವೈತಿನ ಧೂಳು ಅವಳ ಎದೆಗೆ ಆಗಲಿಲ್ಲ. ಅವಳು ಮಂಗಳೂರಿನಲ್ಲಿ ಉಸಿರಾಡುತ್ತಾಳೆ. ನಾನು ಇಲ್ಲಿ ಬೇರೆಯವರ ಮನೆಗಳ ನಕ್ಷೆ ಬರೆಯುತ್ತೇನೆ.

12 ನವೆಂಬರ್, ಶನಿವಾರ

ಜಮೀಯಾದಲ್ಲಿ, ಇಲ್ಲಿಯ ಸಹಕಾರಿ ಅಂಗಡಿಯಲ್ಲಿ, ಸಾಮಾನು. ಮಾಂಸದ ಕೌಂಟರಿನ ಮೊಯ್ದೀನ್ ಕುಂಞಿ ಉಳ್ಳಾಲದವನು; ಕ್ರಿಸ್ತುವರನ್ನೆಲ್ಲ ಪೊರ್ಬು ಅನ್ನುವುದು. ಕೇಳುವ ಮೊದಲೇ ಮಿಷಿನ್ನಿಗೆ ಮಾಂಸ ಹಾಕಿದ.

'ಪೊರ್ಬುಗಳೇ, ನಿಮ್ಮದು ಅರ್ಧ ಕಿಲೋ. ನಿಮ್ಮ ಕೆಳಗಿನ ಮನೆ ಬೆಟ್ಟಿಬಾಯಿದು ಎರಡೂವರೆ. ಹವಲ್ಲಿಯಲ್ಲಿ ಯಾರ ಮನೆಯಲ್ಲಿ ಎಷ್ಟು ಬಾಯಿ ಉಂಟು ಅಂತ ಸರಕಾರಕ್ಕೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತುಂಟು ಮಾರಾಯ್ರೆ.'

ನಕ್ಕೆ.

ಮನೆಗೆ ಬಂದರೆ ಮೆಟ್ಟಿಲ ತಿರುವಿನಲ್ಲಿ ಒಬ್ಬಳು ಕೂತಿದ್ದಳು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಮಗ್ದಲೀನ್. ಶಿರ್ವದ ಕಡೆಯವಳು. ಮೂವತ್ತರ ಆಸುಪಾಸು. ಇಲ್ಲಿ ಯಾರದೋ ಮನೆಯಲ್ಲಿ ಕೆಲಸಕ್ಕಿರುವವಳು. ಜುಲೈಯಲ್ಲಿ ಇಗರ್ಜಿ ಅಂಗಳದಲ್ಲಿ ಅವಳ ತಾಯಿಗೆ ಒಂದು ಕಾಗದ ಬರೆದುಕೊಟ್ಟಿದ್ದೆ. 'ಕ್ಷೇಮ. ಊಟಕ್ಕೆ ತೊಂದರೆಯಿಲ್ಲ. ಒಳ್ಳೆಯ ಜನ.' ಅವಳು ಹೇಳಿದಳು, ನಾನು ಬರೆದೆ. ಹೇಳುವಾಗ ಅವಳ ಮಣಿಕಟ್ಟು ನೋಡಿದ್ದೆ. ಎಲುಬಿಗೆ ಚರ್ಮ ಸುತ್ತಿದಷ್ಟೇ. ನೋಡಿಯೂ ಬರೆದೆ. ಅಕ್ಷರ ಚೆನ್ನಾಗಿ ಬಂದಿತ್ತು.

'ಕಾಗದದ ಹಿಂದೆ ನಿಮ್ಮ ವಿಳಾಸ ಹಾಕಿದ್ದಿರಲ್ಲ ಬಾಬ್... ನೆನಪಿಟ್ಟುಕೊಂಡಿದ್ದೆ.'

ಕಾಲಲ್ಲಿ ಚಪ್ಪಲಿ ಇಲ್ಲ. ಪಾಸ್‌ಪೋರ್ಟ್ ಕಫೀಲನ, ವೀಸಾ ಕೊಟ್ಟ ಯಜಮಾನನ, ಬೀರುವಿನಲ್ಲಿ. ಎಡಗೈಗೆ ಬಟ್ಟೆ ಸುತ್ತಿತ್ತು — ಕೇಳಲಿಲ್ಲ. 'ಒಂದು ರಾತ್ರಿ' ಅಂದಳು. ಇರು ಅನ್ನಲಿಲ್ಲ. ಹೋಗು ಅನ್ನಲಿಲ್ಲ. ಬಾಗಿಲು ತೆರೆದೆ.

ಖೀಮಾ–ಆಲೂಗಡ್ಡೆ. ಸಮಯ ನೋಡಿಲ್ಲ.

14 ನವೆಂಬರ್, ಸೋಮವಾರ

ಇದ್ದಾಳೆ. ಇಸಾಬೆಲ್ ಹೊಲಿಗೆ ಮಿಷಿನ್ ಇಟ್ಟಿದ್ದ ಕೋಣೆಯಲ್ಲಿ.

ನಿಂತೇ ತಿನ್ನುತ್ತಾಳೆ. ಅಡುಗೆಮನೆ ಬಾಗಿಲಿಗೆ ಒರಗಿ, ಮುಖ ಹೊರಬಾಗಿಲ ಕಡೆ. ಕುರ್ಚಿ ತೋರಿಸಿದೆ.

'ಬೇಡ ಬಾಬ್. ಆ ಮನೆಯಲ್ಲಿ ಕೂತ ಕೂಡಲೇ ಕರೀತಿದ್ದರು. ಈಗ ಕೂತರೆ ಅನ್ನ ಇಳಿಯುವುದಿಲ್ಲ.'

ಐದು ದಿನದ ಖೀಮಾ ಇವತ್ತಿಗೆ ಮುಗಿಯಿತು.

15 ನವೆಂಬರ್, ಮಂಗಳವಾರ

ಆಫೀಸಿನಲ್ಲಿ ಆಂಥೋನಿಗೆ ಹೇಳಿದೆ. ಕಂಪನಿಯ ವೀಸಾ ಕೆಲಸವೆಲ್ಲ ಅವನದೇ. ಹದಿನಾಲ್ಕು ವರ್ಷದ ಸ್ನೇಹ.

'ಖಲಾಸ್. ನಿನ್ನ ಕತೆ ಮುಗಿಯಿತು' ಅಂದ. 'ಅವಳು ಸಿಕ್ಕಿದರೆ ವಾಪಸು ಅದೇ ಮನೆಗೆ. ಇಟ್ಟುಕೊಂಡವನಿಗೆ ಮೊದಲು ಜೈಲು, ಆಮೇಲೆ ವಿಮಾನ. ಗೊತ್ತುಂಟಾ?'

'ಉಂಟು.'

'ಮತ್ತೆ?'

ಅವನೇ ಚಹಾ ತರಿಸಿದ. ಪಾಸ್‌ಪೋರ್ಟ್ ಇಲ್ಲದವರು ಊರಿಗೆ ಹೋಗಲು ಔಟ್‌ಪಾಸ್ ಅಂತ ಒಂದು ಕಾಗದ ಮಾಡಿಸಬಹುದಂತೆ. ಒಂದು ತಿಂಗಳು ಬೇಕು. ಅಲ್ಲಿಯವರೆಗೆ ಅವಳು ಕಿಟಕಿ ಹತ್ತಿರವೂ ಬರಬಾರದು.

16 ನವೆಂಬರ್, ಬುಧವಾರ

'ಒಂದು ಕಿಲೋ' ಅಂದೆ.

ಮೊಯ್ದೀನ್ ಕುಂಞಿ ಮಿಷಿನ್ ನಿಲ್ಲಿಸಿದ. 'ಒಂದಾ? ಪೊರ್ಬುಗಳೇ, ಎಂತ ವಿಶೇಷ? ನೆಂಟರಾ?'

ಹಿಂದೆ ಸಾಲು ಇತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

'ಇಸಾಬೆಲ್ ಬಂದಿದ್ದಾಳೆ.'

'ಹೌದಾ! ಬಾಯಿಯವರು ಬಂದರಾ! ಹಾಗಾದರೆ ಚೂರುಪಾರು ಬೇಡ, ಒಳ್ಳೆ ತುಂಡು ಹಾಕ್ತೇನೆ.'

ಅರ್ಧ ಇಲ್ಲಿ, ಅರ್ಧ ಬೇರೆ ಅಂಗಡಿಯಲ್ಲಿ ತರಬಹುದಿತ್ತು. ಮನೆಗೆ ಬಂದ ಮೇಲೆ ಹೊಳೆಯಿತು. ಮೂರು ವರ್ಷ ಒಂದೇ ಕೌಂಟರಿನ ಮುಂದೆ ನಿಂತವನಿಗೆ ಬೇರೆ ಅಂಗಡಿ ಇದೆ ಎಂಬುದೇ ನೆನಪಾಗುವುದಿಲ್ಲ.

18 ನವೆಂಬರ್, ಶುಕ್ರವಾರ

ಇಗರ್ಜಿಯಲ್ಲಿ ಪೂಜೆ ಮುಗಿದು ಮೆಟ್ಟಿಲಿಳಿಯುವಾಗ ಬೆಟ್ಟಿಬಾಯಿ ಅಡ್ಡ ಬಂದಳು.

'ಎಂತ ಬೊನವೆಂಚರ್ ಬಾಬ್, ಹೆಂಡತಿಯನ್ನು ಕಪಾಟಿನಲ್ಲಿ ಇಟ್ಟಿದ್ದೀರಾ? ಮಾಂಸದವನಿಂದ ನಮಗೆ ಸುದ್ದಿ ಸಿಗಬೇಕಾ?'

'ಬಂದ ದಿನವೇ ದಮ್ಮು ಶುರುವಾಗಿದೆ. ಮಾತಾಡಲಿಕ್ಕಾಗುವುದಿಲ್ಲ.'

'ಮತ್ತೆ ಯಾಕೆ ಕರೆಸಿದ್ದು, ಪಾಪ!' ಅಂದಳು. ಮೊನ್ನೆಯೇ ಮಂಗಳೂರು ಬೆಂದೂರಿನ ತಂಗಿಗೆ ಕಾಗದ ಹಾಕಿದ್ದಾಳಂತೆ — ಇಸಾಬೆಲ್ ಇಲ್ಲಿದ್ದಾಳೆ, ಅವಳ ಕೈಯಲ್ಲಿ ಉಪ್ಪಿನಕಾಯಿ ಕಳಿಸಬಹುದಿತ್ತಲ್ಲ ಎಂದು.

ಕಟ್ಟಡದ ಕಾವಲುಗಾರ, ನಮ್ಮ ಹಾರಿಸ್, ಲಿಫ್ಟಿನ ಹತ್ತಿರ ಕೈಹಿಡಿದು ಕುಲುಕಿದ. 'ಮಬ್ರೂಕ್, ಯಾ ಮುಹಂದಿಸ್! ಮದಾಮ್ ಬಂದರಂತೆ!' ನಕ್ಷೆ ಬರೆಯುವವನನ್ನೂ ಅವನು ಇಂಜಿನಿಯರ್ ಅಂತಲೇ ಕರೆಯುವುದು.

ಎರಡು ದಿನ. ಇಡೀ ಕಟ್ಟಡ.

30 ನವೆಂಬರ್, ಬುಧವಾರ

ಬರೆಯದೆ ಹನ್ನೆರಡು ದಿನ. ಬರೆಯುವಂಥದ್ದು ಇಲ್ಲ ಅಂತಲ್ಲ.

ಅಡುಗೆ ಈಗ ಅವಳದು. ಶನಿವಾರ ಪೊಟೇಟೊ ಚಾಪ್ಸ್. ಭಾನುವಾರ ಕ್ಯಾಬೇಜಿನ ಎಲೆಯಲ್ಲಿ ಖೀಮಾ ಸುತ್ತಿ ಬೇಯಿಸಿದ್ದು. ನಿನ್ನೆ ಮೊಟ್ಟೆ ಒಡೆದು ಹಾಕಿದ್ದು. ಯಾವುದಕ್ಕೂ ಅರ್ಧ ಗಂಟೆಯ ಮೇಲೆ ಹಿಡಿಯುವುದಿಲ್ಲ. ನಾನು ಮೇಜಿನ ಹತ್ತಿರ ಈ ಪುಸ್ತಕ ಇಟ್ಟುಕೊಂಡು ಗಡಿಯಾರ ನೋಡುತ್ತೇನೆ.

'ಖೀಮಾ ಎಂತ ಬಸ್ಸಾ ಬಾಬ್, ಟೈಮ್ ನೋಡಲಿಕ್ಕೆ?'

ಮೊದಲ ಸಲ ಅವಳು ನಕ್ಕದ್ದು. ನಗು ಮುಗಿಯುವ ಮೊದಲೇ ಲಿಫ್ಟಿನ ಸದ್ದು. ಒಲೆ ಆರಿಸಿದಳು. ಸದ್ದು ಮೇಲಕ್ಕೆ ಹೋಯಿತು. ಪುನಃ ಹಚ್ಚಿದಳು. ದಿನಕ್ಕೆ ಎಷ್ಟು ಸಲ ಹೀಗೆ, ಗೊತ್ತಿಲ್ಲ. ಹಗಲು ನಾನು ಇರುವುದಿಲ್ಲ.

ತಾಯಿಗೆ ಕಾಗದ ಬರೆಯಬೇಕಂತೆ. ಏನು ಬರೆಯಲಿ ಅಂದೆ. 'ಊಟಕ್ಕೆ ತೊಂದರೆಯಿಲ್ಲ ಅಂತ.' ಈ ಸಲ ನಿಜ. ಕಾಗದ ಹೋದರೆ ವಿಳಾಸವೂ ಹೋಗುತ್ತದೆ. ಬರೆಯಲಿಲ್ಲ.

6 ಡಿಸೆಂಬರ್, ಮಂಗಳವಾರ

ಅವಳು ಇವತ್ತು ಮಿಕ್ಸಿಯಲ್ಲಿ ನಮ್ಮವರ ಮಸಾಲೆ, ಬಫಾತ್ ಪುಡಿ, ಮಾಡಿದಳು. ಖೀಮಾಕ್ಕೆ ಹಾಕಿದ ಐದೇ ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ಮಗ್ದಲೀನ್ ಕೋಣೆಯೊಳಗೆ. ನಾನು ಚೈನ್ ತೆಗೆಯದೆ ಒಂದು ಗೇಣು ತೆರೆದೆ.

ಬೆಟ್ಟಿಬಾಯಿ. ಕೈಯಲ್ಲಿ ಒಂದು ತಟ್ಟೆ, ಮೇಲೆ ಕರವಸ್ತ್ರ.

'ಇಸಾಬೆಲ್‌ಗೆ ಸ್ವಲ್ಪ ಸಣ್ಣ ಬೇಯಿಸಿದೆ...' ಎಂದವಳು ನಿಲ್ಲಿಸಿದಳು. ಮೂಗು ಮೇಲೆತ್ತಿದಳು. 'ಇದು ಯಾರ ಬಫಾತ್?'

'ಇಸಾಬೆಲ್‌ದು.'

'ಇಸಾಬೆಲ್ ಇಷ್ಟು ಜೀರಿಗೆ ಹಾಕುವವಳಲ್ಲ.'

'ಊರಲ್ಲಿ ಕಲಿತಿರಬೇಕು.'

'ಐವತ್ತು ವರ್ಷಕ್ಕಾ?' ಚೈನಿನ ಮೇಲಿಂದ ನನ್ನ ಮುಖ ನೋಡಿದಳು. 'ಬೊನವೆಂಚರ್ ಬಾಬ್, ಇದು ಶಿರ್ವದ ಕೈ. ನನ್ನ ಅತ್ತೆ ಶಿರ್ವದವಳು. ಇಪ್ಪತ್ತೆರಡು ವರ್ಷ ತಿಂದಿದ್ದೇನೆ.'

ತಟ್ಟೆ ನೆಲದ ಮೇಲಿಟ್ಟು ಇಳಿದು ಹೋದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ತಟ್ಟೆಯಲ್ಲಿ ಇಬ್ಬರಿಗಾಗುವಷ್ಟು ಸಣ್ಣ, ನಮ್ಮವರ ಇಡ್ಲಿ.

12 ಡಿಸೆಂಬರ್, ಸೋಮವಾರ

ಬೆಳಿಗ್ಗೆ ಪಟ್ಟಣದಲ್ಲಿ ಸ್ಫೋಟಗಳು. ಒಂದಲ್ಲ. ಆಫೀಸಿನ ಗಾಜು ನಡುಗಿತು. ಮೇಜಿನ ಮೇಲಿನ ಸ್ಕೇಲ್ ತಾನಾಗಿ ಅರ್ಧ ಇಂಚು ಸರಿಯಿತು. ಬೇಗ ಬಿಟ್ಟರು. ದಾರಿಯಲ್ಲಿ ಮೂರು ಕಡೆ ಇಕಾಮಾ, ಇಲ್ಲಿರಲು ಕೊಟ್ಟ ಪರವಾನಗಿ, ತೋರಿಸಿದೆ.

ಮನೆಯಲ್ಲಿ ಅವಳು ಹೊಲಿಗೆ ಮಿಷಿನ್ನಿನ ಕೆಳಗೆ ಕೂತಿದ್ದಳು. 'ನನ್ನನ್ನು ಹುಡುಕಲಿಕ್ಕೆ ಬಂದದ್ದಾ?' ಅಂತ ಕೇಳಿದಳು. ಅಲ್ಲ ಅಂದೆ.

ಖುಬೂಸ್ ರೊಟ್ಟಿ, ನಿನ್ನೆಯ ಖೀಮಾ. ಬಿಸಿ ಮಾಡಲಿಲ್ಲ.

13 ಡಿಸೆಂಬರ್, ಮಂಗಳವಾರ

ಹಾರಿಸ್ ಬಂದ. ಕೈಯಲ್ಲಿ ಉದ್ದ ಕಾಗದ. ಪ್ರತಿ ಮನೆಯಲ್ಲಿ ಎಷ್ಟು ಜನ, ಹೆಸರು, ಇಕಾಮಾ ನಂಬರ್. ಎಲ್ಲ ಕಟ್ಟಡಗಳಿಗೂ ಇದೇ ಹುಕುಂ. ಪೋಲೀಸರು ಬಂದು ಒಯ್ಯುತ್ತಾರಂತೆ.

'ಬರೆದು ಕೆಳಗೆ ಕೊಡು ಮುಹಂದಿಸ್. ಯಲ್ಲಾ, ಇನ್ನೂ ಹದಿನೆಂಟು ಮನೆ ಉಂಟು ನನಗೆ.'

ಪೆನ್ನು ಹಿಡಿದು ತುಂಬ ಹೊತ್ತು ಕೂತೆ. ಎರಡು ಅಂದರೆ ಎರಡನೆಯ ನಂಬರ್ ಎಲ್ಲಿ? '1' ಎಂದು ಬರೆದೆ.

ಈಗ ಸರಕಾರದ ಕಾಗದದಲ್ಲಿ ನಾನೊಬ್ಬ. ಜಮೀಯಾದಲ್ಲಿ ಇಬ್ಬರು.

14 ಡಿಸೆಂಬರ್, ಬುಧವಾರ

'ಅರ್ಧ ಕಿಲೋ' ಅಂದೆ. ಎರಡೂ ಕಡೆ ಒಂದೇ ಇರಲಿ ಎಂದು.

ಮೊಯ್ದೀನ್ ಕುಂಞಿ ಏನೂ ಕೇಳಲಿಲ್ಲ. ಕೇಳದೇ ಇದ್ದದ್ದು ಇದೇ ಮೊದಲು. ಕಟ್ಟಿಕೊಡುವಾಗ ದನಿ ಇಳಿಸಿದ. 'ಪೊರ್ಬುಗಳೇ, ನಿನ್ನೆ ಒಬ್ಬ ಬಂದಿದ್ದ. ಕಾಣೆಯಾದ ಕೆಲಸದವಳೊಬ್ಬಳನ್ನು ಹುಡುಕುವವನು. ಒಂಟಿ ಗಂಡಸರ ಮನೆಗೆ ಯಾರಿಗಾದರೂ ಮಾಂಸ ಜಾಸ್ತಿ ಹೋಗ್ತದಾ ಅಂತ ಕೇಳಿದ. ನಾನು ಕೊಚ್ಚುವವ, ಲೆಕ್ಕ ಇಡುವವನಲ್ಲ ಅಂದೆ.'

ಮನೆಯಲ್ಲಿ ಪೊಟ್ಟಣ ಬಿಚ್ಚಿದೆವು. ಚೀಟಿಯಲ್ಲಿ ಅರ್ಧ ಕಿಲೋ. ಒಳಗೆ ಒಂದು.

ಮಗ್ದಲೀನ್ ಅತ್ತಳು. ನನಗೆ ಹೆದರಿಕೆಯಾಯಿತು. ಗೊತ್ತಿರುವವರು ಈಗ ಮೂರು ಜನ.

17 ಡಿಸೆಂಬರ್, ಶನಿವಾರ

ಇಸಾಬೆಲ್ ಕಾಗದ. ಪೂರ್ತಿ ಇಲ್ಲಿ ಇಳಿಸುತ್ತೇನೆ. ಮೂಲವನ್ನು ಸುಡಬೇಕು.

'ಬೆಟ್ಟಿಯ ತಂಗಿ ನಮ್ಮ ಬಾಗಿಲಿಗೇ ಬಂದಳು, ನೀವು ಕುವೈತಿನಲ್ಲಿ ಅಲ್ಲವಾ ಅಂದಳು. ನಾಳೆ ಹೊರಡುವುದು ಅಂದುಬಿಟ್ಟೆ. ಆ ಸಂಜೆಯೇ ಮಂಗಳೂರು ಬಿಟ್ಟು ದೂರ ಬೈಂದೂರಿಗೆ ಅಣ್ಣನ ಮನೆಗೆ ಬಂದೆ. ಹೊರಗೆ ಕಾಲಿಡುವುದಿಲ್ಲ. ಪೂಜೆಗೂ ಹೋಗುವುದಿಲ್ಲ. ಪಾಪ ನಿಮ್ಮ ಲೆಕ್ಕಕ್ಕೆ. ವಿವರ ಬರೆಯಬೇಡಿ. ನೀವು ಹೆಣ್ಣನ್ನು ಕರೆತರುವ ಜಾತಿಯಲ್ಲ, ಬಂದವರಿಗೆ ಹೋಗು ಅನ್ನಲು ಬಾರದ ಜಾತಿ. ಕುವೈತಿನಲ್ಲಿ ನಾನು ಹೇಗಿದ್ದೇನೆ? ಊಟ ಮಾಡುತ್ತೇನಾ? ಎಷ್ಟು ದಿನ ಇರಬೇಕು, ಅಷ್ಟು ಮಾತ್ರ ತಿಳಿಸಿ.'

ಎರಡು ಮನೆಗಳಲ್ಲಿ ಇಬ್ಬರು ಹೆಂಗಸರು ಕಿಟಕಿಯಿಂದ ದೂರ ನಿಂತಿದ್ದಾರೆ. ಒಂದು ಕಿಲೋ ಎಂದು ನಾನು ಬಾಯಿಬಿಟ್ಟದ್ದಕ್ಕೆ.

ಮಗ್ದಲೀನಳಿಗೆ ಓದಿ ಹೇಳಿದೆ. 'ಇಸಾಬೆಲ್‌ಬಾಯಿಗೆ ಜೀರಿಗೆ ಆಗುವುದಿಲ್ಲವಾ? ಇನ್ನು ಹಾಕುವುದಿಲ್ಲ' ಅಂದಳು.

ಕಾಗದ ಸುಟ್ಟಿಲ್ಲ.

20 ಡಿಸೆಂಬರ್, ಮಂಗಳವಾರ

ಔಟ್‌ಪಾಸ್ ಆಯಿತು. ಆಂಥೋನಿ ನಾಳೆ ಸಂಜೆ ಎಂಟಕ್ಕೆ ತರುತ್ತಾನೆ. ಅವಳನ್ನು ಅವನ ಮನೆಗೇ ಕರೆದೊಯ್ಯುತ್ತಾನೆ. ಗುರುವಾರ ಬೆಳಿಗ್ಗೆ ಬೊಂಬಾಯಿ ವಿಮಾನ. ಬೆಲ್ ಒತ್ತುವುದಿಲ್ಲ, ಉಂಗುರದಲ್ಲಿ ಬಾಗಿಲು ತಟ್ಟುತ್ತಾನೆ. ಹಾಗೆಂದು ಮಾತಾಗಿದೆ.

ಒಳ್ಳೆಯ ಸುದ್ದಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ. ಹಾರಿಸ್ ಕರೆದ.

'ಮುಹಂದಿಸ್, ನಿನಗೆ ವಯಸ್ಸಾಯಿತು. ಕಾಗದದಲ್ಲಿ ಮದಾಮನ್ನೇ ಮರೆತಿದ್ದೆಯಲ್ಲ! ಪೋಲೀಸರು ಒಯ್ಯುವಾಗ ನಾನೇ ನೋಡಿದೆ, ಒಂದನ್ನು ಎರಡು ಮಾಡಿ ಕೊಟ್ಟೆ. ಇಲ್ಲದಿದ್ದರೆ ನಿನಗೆ ತೊಂದರೆ ಆಗುತ್ತಿತ್ತು.'

'ಯಾವಾಗ ಒಯ್ದರು?'

'ಮಧ್ಯಾಹ್ನ. ಮದಾಮಿನ ನಂಬರ್ ಎಲ್ಲಿ ಅಂದರು. ಮನೆಗೇ ಬಂದು ಕೇಳಿ ಅಂದೆ. ಒಂದೆರಡು ದಿನದಲ್ಲಿ ಬರುತ್ತಾರೆ.'

ಎದೆಯ ಮೇಲೆ ಕೈಯಿಟ್ಟು ನಕ್ಕ. ಶುಕ್ರನ್ ಅಂದೆ. ಬೇರೆ ಏನು ಅನ್ನುವುದು. ಅವನು ನನಗೆ ಉಪಕಾರ ಮಾಡಿದ್ದ.

ಆಂಥೋನಿಯ ಮನೆಗೆ ಇವತ್ತೇ ಕಳಿಸಬಹುದಿತ್ತು. ಅವನು ಅಹ್ಮದಿಯಲ್ಲಿ. ದಾರಿಯಲ್ಲಿ ನಾಲ್ಕು ತಪಾಸಣೆ. ಕಾಗದವಿಲ್ಲದೆ ಒಂದನ್ನೂ ದಾಟಲಾಗದು.

21 ಡಿಸೆಂಬರ್, ಬುಧವಾರ

7.10 — ಈರುಳ್ಳಿ. ಬಾಣಲೆ ನೋಡುತ್ತಲೇ ಬರೆಯುತ್ತಿದ್ದೇನೆ.

7.18 — ಖೀಮಾ. ಆಲೂಗಡ್ಡೆ ಹಾಕಿ ಮಾಡು ಅಂದೆ, ಮೊದಲ ದಿನದ್ದು. ಜೀರಿಗೆ ಹಾಕು ಅಂತಲೂ ಅಂದೆ.

7.25 — ಅವಳ ಚೀಲ ಬಾಗಿಲ ಹತ್ತಿರ. ಇಸಾಬೆಲ್‌ಳ ಹಳೆ ಚಪ್ಪಲಿ ಕಾಲಿಗೆ ಸರಿಯಾಗಿದೆ. ಬೆಟ್ಟಿಬಾಯಿಯ ತಟ್ಟೆ ತೊಳೆದು ಇಟ್ಟಿದ್ದಾಳೆ.

7.40 — ಉರಿ ಆರಿಸಿದಳು. ಮೂವತ್ತು ನಿಮಿಷ. 'ಬಸ್ಸು ಸರಿಯಾಗಿ ಬಂತಲ್ಲ ಬಾಬ್' ಅಂದಳು.

7.42 — ಎರಡು ತಟ್ಟೆ ಮೇಜಿಗೆ ತಂದಳು. ಕುರ್ಚಿ ಎಳೆದಳು. ಕೂತಳು.

ನೋಡಿದರೆ ಎದ್ದುಬಿಡುತ್ತಾಳೆ ಎಂದು ಪುಸ್ತಕ ನೋಡುತ್ತಿದ್ದೇನೆ. ತಿನ್ನುತ್ತಿದ್ದಾಳೆ. ಖುಬೂಸ್ ಹರಿಯುವ ಸದ್ದು ಮಾತ್ರ.

7.49 — ಲಿಫ್ಟು. ನಮ್ಮ ಮಹಡಿಯಲ್ಲಿ ನಿಂತಿತು.

ಹೆಜ್ಜೆ. ಒಬ್ಬರದಲ್ಲ. ಹಾರಿಸ್‌ನ ದನಿಯೂ ಇದೆ, ನಗುತ್ತಿದ್ದಾನೆ.

ಬೆಲ್.

ಅವಳು ನನ್ನನ್ನು ನೋಡಿದಳು. ಎದ್ದಿಲ್ಲ. ಖುಬೂಸಿನ ಇನ್ನೊಂದು ತುತ್ತು ಹರಿದಳು. ಕೂತೇ ಇದ್ದಾಳೆ.

ಎರಡನೆಯ ಬೆಲ್. ತೆರೆಯುವುದು ನಾನೇ. ಮುಗಿಸು, ಆಮೇಲೆ ಏಳು ಅಂದೆ. ಅವರು ಕೇಳುವುದು ಒಂದೇ, ಮನೆಯಲ್ಲಿ ಎಷ್ಟು ಜನ ಎಂದು. ಈ ಸಲ ನಾನು ಇದ್ದದ್ದನ್ನೇ ಹೇಳುತ್ತೇನೆ: ಇಬ್ಬರು.